ಒಬ್ಬರಿಗೆ ಒಂದೇ ನಾಣ್ಯ

ವಿಲ್ಮಾ ಇನ್ನೂ ಕೋಟು ಬಿಚ್ಚಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ, ಬಸ್ಸಿಗೆ ಕಾಯುವವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎದುರಿಗೆ ಒಂದು ಕಂದು ಪೊಟ್ಟಣ. ತಾಮ್ರದ ಕಾರ್ಖಾನೆಯಿಂದ ಬಂದ ಹಾರ್ಲನ್ ಹೊಸ್ತಿಲಲ್ಲೇ ನಿಂತು ಬೂಟಿಗೆ ಅಂಟಿದ ಹಿಮ ಕೊಡವುತ್ತಿದ್ದ. ಬಾಗಿಲು ತೆರೆದಿಟ್ಟು ಹೀಗೆ ನಿಂತರೆ ದಿನಾ ಗದರುವವಳು ಇವತ್ತು ತುಟಿ ಬಿಚ್ಚಲಿಲ್ಲ.

"ಹಾರ್ಲನ್, ಕೈ ತೊಳ್ಕೊಂಡು ಬಾ ಇಲ್ಲಿ," ಎಂದಳು. "ಮುಟ್ಬೇಡ ಮತ್ತೆ. ಬರೀ ನೋಡು."

ಅವನು ಕೈ ತೊಳೆದುಕೊಂಡು ಬಂದು ನೋಡಿದ. ಅಂಗೈಗಿಂತ ಸ್ವಲ್ಪ ದೊಡ್ಡ ಪೊಟ್ಟಣ. ಅಂಚಿನ ತುಂಬ ರಿಜಿಸ್ಟರ್ಡ್ ಅಂಚೆಯ ಮುದ್ರೆ. ಒಂದು ಮೂಲೆಯಲ್ಲಿ ಸರ್ಕಾರಿ ಕಚೇರಿಯೊಂದರ ಉದ್ದನೆಯ ಹೆಸರು. ನಡುವೆ ಟೈಪು ಮಾಡಿದ ವಿಳಾಸ: ರಸಲ್ ಜೆ. ಪೆನ್ರೋಸ್. ಅದರ ಕೆಳಗೆ ಇದೇ ಬೀದಿ, ಇದೇ ಮನೆಯ ನಂಬರು, ನೆವಾಡಾದ ಇದೇ ಮೆಕ್‌ಗಿಲ್ ಊರು.

ಹಾರ್ಲನ್‌ಗೆ ಅದು ಏನೆಂದು ನೋಡಿದ ಕೂಡಲೇ ಗೊತ್ತಾಯಿತು. ಬೆಳ್ಳಿ ಡಾಲರು. ಅಕ್ಟೋಬರಿನಲ್ಲಿ ಅವನೇ ಅರ್ಜಿ ತುಂಬಿ, ಹಣ ಕಟ್ಟಿ, ಅಂಚೆಗೆ ಹಾಕಿದ್ದ.

"ರಸ್ ಹೆಸರಿಗೆ ಬಂದಿದೆ," ಎಂದಳು ವಿಲ್ಮಾ. ಅವಳ ದನಿ ಸಣ್ಣಗಿತ್ತು, ಆದರೆ ನಡುಗುತ್ತಿರಲಿಲ್ಲ. "ಸರ್ಕಾರದೋರು ಕಳ್ಸಿದಾರೆ. ನಾನು ಸಹಿ ಹಾಕಿ ಇಸ್ಕೊಂಡೆ. ಯೋಚ್ನೆ ಮಾಡು ನೀನು. ಮೂಲೆಮನೆ ಎಡಿತ್ ಮಗ ತೀರ್ಕೊಂಡಾಗ ಅವನ ಸಾಮಾನು ಯಾರ ಹೆಸರಿಗೆ ಬಂತು? ಎಡಿತ್ ಹೆಸರಿಗೆ. ಸತ್ತೋರ ಹೆಸರಿಗೆ ಸರ್ಕಾರ ಏನೂ ಕಳ್ಸಲ್ಲ. ಇದು ಅವನ ಹೆಸರಿಗೇ ಬಂದಿದೆ."

ರಸಲ್ ಅವರ ಒಬ್ಬನೇ ಮಗ. ಮೂರು ವರ್ಷದ ಹಿಂದೆ ಅವನಿದ್ದ ಹೆಲಿಕಾಪ್ಟರು ವಿಯೆಟ್ನಾಮಿನ ಗಡಿಯ ಬೆಟ್ಟಗಳಲ್ಲಿ ಎಲ್ಲೋ ಬಿದ್ದಿತ್ತು. ಸತ್ತನೆಂದು ಸೈನ್ಯದವರು ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ. ಕಾಣೆಯಾಗಿದ್ದಾನೆ ಎಂದರು. ಹೋದ ವರ್ಷ ಯುದ್ಧ ಮುಗಿದು ಸೆರೆಯಾಳುಗಳು ವಿಮಾನ ವಿಮಾನಗಳಲ್ಲಿ ಮನೆಗೆ ಬಂದಾಗ ವಿಲ್ಮಾ ಟೀವಿಯ ಮುಂದೆ ನೆಲದ ಮೇಲೆ ಕೂತು ಮೆಟ್ಟಿಲಿಳಿಯುವ ಒಂದೊಂದೇ ಮುಖ ನೋಡಿದ್ದಳು. ಕೊನೆಯ ವಿಮಾನವೂ ಬಂತು. ರಸಲ್ ಇಳಿಯಲಿಲ್ಲ. ಅವತ್ತಿನಿಂದ ಅವಳು ರಾತ್ರಿ ಸರಿಯಾಗಿ ನಿದ್ದೆ ಮಾಡಿದವಳಲ್ಲ. ಮೆಥಡಿಸ್ಟ್ ಚರ್ಚಿನ ಪಾದ್ರಿಯೇ ಹೋದ ಶರತ್ಕಾಲದಲ್ಲಿ ಮೆಲ್ಲಗೆ ಮಾತು ತೆಗೆದದ್ದು: ದೇಹ ಸಿಗದಿದ್ದರೂ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಬಹುದು, ಹೋಗಿ ಕೂತು ಬರುವುದಕ್ಕೆ ಒಂದು ಜಾಗವಾಗುತ್ತದೆ ಎಂದು. ವಿಲ್ಮಾ ಮೊದಲು ಆ ಪಾದ್ರಿಯ ಮೇಲೆ ಕೂಗಾಡಿದಳು. ಆಮೇಲೆ ಅತ್ತಳು. ಹೊಸ ವರ್ಷ ಕಳೆದ ಮೇಲೆ ಒಪ್ಪಿದಳು. ಕಲ್ಲನ್ನೂ ಅವಳೇ ಆರಿಸಿದಳು. ಒಪ್ಪಿದ ವಾರದಿಂದ ಅವಳಿಗೆ ನಿದ್ದೆ ಬರತೊಡಗಿತ್ತು.

"ಬಿಚ್ಚಿ ನೋಡೋಣ್ವಾ?" ಎಂದ ಹಾರ್ಲನ್. ಬಿಚ್ಚಿದರೆ ತಾನೇ ತಾನಾಗಿ ಗೊತ್ತಾಗಿಬಿಡುತ್ತದೆ, ತಾನು ಬಾಯಿ ಬಿಡಬೇಕಾಗಿಲ್ಲ ಎಂಬುದು ಅವನ ಲೆಕ್ಕ. ಹೇಡಿಗಳಿಗೆ ಇಂಥ ಲೆಕ್ಕ ಬೇಗ ಹೊಳೆಯುತ್ತದೆ.

"ಅವನ ಪೊಟ್ಟಣ ನಾವ್ಯಾಕೆ ಬಿಚ್ಚೋಣ," ಎಂದಳು ವಿಲ್ಮಾ. "ಬಂದು ಅವನೇ ಬಿಚ್ಲಿ. ಚರ್ಚಿಗೆ ಫೋನ್ ಮಾಡಿ ಹೇಳ್ಬಿಟ್ಟೆ, ಕಲ್ಲು ಬೇಡ ಅಂತ."

ಆಗಲೇ ಹೇಳಬೇಕಿತ್ತು. ಹಾರ್ಲನ್ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅವಳು ಎದ್ದು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಅವನ ಕಡೆ ತಿರುಗಿ ನಕ್ಕಳು. ಮೂರು ವರ್ಷದಿಂದ ಆ ಮುಖದ ಮೇಲೆ ಆ ನಗು ಬಂದಿರಲಿಲ್ಲ. ಅವನು ತೆರೆದ ಬಾಯಿಯಿಂದ ಊಟಕ್ಕೇನಿದೆ ಎಂದು ಕೇಳಿದ.

ಈ ಡಾಲರಿನ ಹುಚ್ಚು ಹಾರ್ಲನ್ ಒಬ್ಬನದೇ ಅಲ್ಲ. ಆ ವರ್ಷ ನಮ್ಮೂರಿನ ಅರ್ಧ ಗಂಡಸರಿಗೆ ಹಿಡಿದಿತ್ತು. ಸರ್ಕಾರದ ಖಜಾನೆಯ ನೆಲಮಾಳಿಗೆಯಲ್ಲಿ ಯಾರೂ ಮುಟ್ಟದೆ ಚೀಲಗಳಲ್ಲೇ ಉಳಿದಿದ್ದ ಹಳೆಯ ಬೆಳ್ಳಿ ಡಾಲರುಗಳನ್ನು ಹೊರಗೆ ತೆಗೆದಿದ್ದರು. ನೂರು ವರ್ಷದ ಹಿಂದೆ ಕಾರ್ಸನ್ ಸಿಟಿಯ ಟಂಕಸಾಲೆಯಲ್ಲಿ ಅಚ್ಚಾದವು. ಒಂದೊಂದನ್ನೂ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಭದ್ರ ಮಾಡಿ, ಕಪ್ಪು ಡಬ್ಬಿಯಲ್ಲಿಟ್ಟು, ಜೊತೆಗೊಂದು ಚೀಟಿ ಹಾಕಿ, ಅಂಚೆಯ ಮೂಲಕ ಹರಾಜಿನಂತೆ ಮಾರುತ್ತಿದ್ದರು. ಆ ಪ್ಲಾಸ್ಟಿಕ್ಕನ್ನು ಬಿಚ್ಚಿದರೆ ಮುಗಿಯಿತು, ಬೆಲೆ ಹೋಯಿತು. ಡಬ್ಬಿ, ಚೀಟಿ, ಸಾಧ್ಯವಾದರೆ ಅಂಚೆಯಲ್ಲಿ ಬಂದ ಹೊರಗಿನ ರಟ್ಟು, ಎಲ್ಲ ಸರ್ಕಾರ ಕಳಿಸಿದ ಹಾಗೇ ಇರಬೇಕು. ಹಾರ್ಲನ್‌ನ ಅಜ್ಜ ಸಮುದ್ರದಾಚೆಯ ಕಾರ್ನ್‌ವಾಲಿನಿಂದ ಬಂದು ವರ್ಜಿನಿಯಾ ಸಿಟಿಯ ಗಣಿಯಲ್ಲಿ ಬೆಳ್ಳಿ ಅಗೆದವನು. ಅಗೆದ ಬೆಳ್ಳಿ ಕಾರ್ಸನ್ ಸಿಟಿಗೇ ಹೋಗುತ್ತಿತ್ತು. ಅಜ್ಜ ಅಗೆದದ್ದನ್ನು ಮೊಮ್ಮಗ ದುಡ್ಡು ಕೊಟ್ಟು ಕೊಳ್ಳುತ್ತಿದ್ದಾನೆಂದು ಊರಿನವರು ಹಾಸ್ಯ ಮಾಡುತ್ತಿದ್ದರು. ಅವನಿಗೆ ಅದು ಹೆಮ್ಮೆಯೇ.

ತೊಡಕು ಒಂದೇ. ಒಂದು ವರ್ಷದ ನಾಣ್ಯಕ್ಕೆ ಒಬ್ಬರಿಗೆ ಒಂದೇ ಅರ್ಜಿ. ಕಾನೂನು ಎಂದಮೇಲೆ ಅದಕ್ಕೊಂದು ಕಳ್ಳಬಾಗಿಲು ಇರಲೇಬೇಕು. ಸ್ಪೇನಿನ ಬಾಸ್ಕ್ ನಾಡಿನಿಂದ ಬಂದ ಡಾಮಿಂಗೋ ಎಂಬ ಕ್ಷೌರಿಕನ ಅಂಗಡಿಯೇ ನಾಣ್ಯದವರ ಕಟ್ಟೆ. ಅಲ್ಲಿ ಕೂತು ಹೆಂಡತಿಯ ಹೆಸರಿನಲ್ಲಿ, ಅತ್ತೆಯ ಹೆಸರಿನಲ್ಲಿ, ವೃದ್ಧಾಶ್ರಮದಲ್ಲಿ ಮಾತು ಮರೆತು ಮಲಗಿದ್ದ ಸೋದರತ್ತೆಯ ಹೆಸರಿನಲ್ಲಿ ಅರ್ಜಿ ತುಂಬುತ್ತಿದ್ದರು. ಒಬ್ಬ ತನ್ನ ಕುರಿನಾಯಿಗೆ ಒಂದು ಮನೆತನದ ಹೆಸರು ಕೊಟ್ಟು ಅದಕ್ಕೂ ಒಂದು ಡಾಲರು ಗಿಟ್ಟಿಸಿದ್ದ. ಹೆಂಡತಿಯರಿಗೆ ಖರ್ಚು ಗೊತ್ತಾಗದಿರಲೆಂದು ಎಲ್ಲ ಅರ್ಜಿಗೂ ಅಂಗಡಿಯದೇ ವಿಳಾಸ. ಹಾರ್ಲನ್‌ನ ಡಬ್ಬಿಗಳೂ ಇದುವರೆಗೆ ಅಲ್ಲಿಗೇ ಬಂದು, ಊಟದ ಬುತ್ತಿಯೊಳಗೆ ಕೂತು, ಮನೆಯ ನೆಲಮಾಳಿಗೆ ಸೇರಿದ್ದವು. ಅವನ ಬಳಿ ನಾಣ್ಯಗಳಿವೆ ಎಂದು ವಿಲ್ಮಾಗೆ ಗೊತ್ತು. ಅವು ಹೇಗೆ ಬರುತ್ತವೆ ಎಂದು ಅವಳು ಕೇಳಿದವಳಲ್ಲ.

ಅಕ್ಟೋಬರಿನ ಮಾರಾಟ ಎಲ್ಲಕ್ಕಿಂತ ದೊಡ್ಡದು. ಕಂಡವರೇ ಕಡಿಮೆಯಾದ, ಸಾವಿರದೆಂಟುನೂರ ಎಪ್ಪತ್ತೊಂಬತ್ತರ ಡಾಲರು ಅದರಲ್ಲಿತ್ತು. ಹಾರ್ಲನ್ ಅದಕ್ಕಾಗಿ ವರ್ಷದ ಉಳಿತಾಯವನ್ನೆಲ್ಲ ಸುರಿದು, ತನ್ನ ಹೆಸರು, ವಿಲ್ಮಾಳ ಹೆಸರು, ಭಾವಮೈದುನನ ಹೆಸರು ಬರೆದ. ನಾಲ್ಕನೆಯ ಅರ್ಜಿ ಮುಂದಿತ್ತು. ಅದರಲ್ಲಿ ರಸಲ್‌ನ ಹೆಸರು ಬರೆದ.

*

ಮಾರನೆಯ ದಿನ ಪಾಳಿ ಮುಗಿಸಿ ಅಂಗಡಿಗೆ ಹೋದಾಗ ಡಾಮಿಂಗೋ ಯಾರದೋ ಕುತ್ತಿಗೆಗೆ ಪೌಡರು ಬಳಿಯುತ್ತಿದ್ದ. ಆ ಗಿರಾಕಿಯನ್ನು ಕಳಿಸಿ, ಬಾಗಿಲಿಗೆ ಚಿಲಕ ಹಾಕಿ, ಹಾರ್ಲನ್‌ನನ್ನು ಕುರ್ಚಿಯ ಮೇಲೆ ಕೂರಿಸಿದ. ಅಲ್ಲಿಗೆ ಬಂದವರು ಮಾತಿಗೆ ಬಂದಿದ್ದರೂ ಸರಿ, ಕತ್ತರಿಗೆ ತಲೆ ಕೊಡಲೇಬೇಕು.

"ಪೆನ್ರೋಸ್ ಸಾಹೇಬ್ರೆ, ನಿಮ್ಮ ಮೂರು ಹೆಸರೂ ಗೋವಿಂದ," ಎಂದ. "ನಿಂದು, ವಿಲ್ಮಾದು, ಭಾವಮೈದಂದು. ದುಡ್ಡು ವಾಪಸ್ ಬಂದಿದೆ. ನಂದೂ ಅಷ್ಟೇ. ನಮ್ಮತ್ತೆ ಹೆಸರಲ್ಲೂ ಬರ್ಲಿಲ್ಲ. ಬದುಕಿದ್ದಾಗಿಂದ ಆ ಹೆಂಗಸಿಂದ ನಂಗೆ ಒಂದು ಉಪಕಾರ ಆಗಿಲ್ಲ."

"ಅವರು ಇನ್ನೂ ಬದುಕೇ ಇದಾರಲ್ಲೋ."

"ಅದೇ ಹೇಳ್ತಿರೋದು."

ಹಾರ್ಲನ್ ನಗಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಡಾಮಿಂಗೋನ ಕತ್ತರಿ ಒಂದು ಕಿವಿಯ ಮೇಲೆ ನಿಂತಿತು.

"ಒಳಗಿರೋದು ಎಪ್ಪತ್ತೊಂಬತ್ತರದ್ದಾ?"

"ಅದೇ ಇರ್ಬೇಕು. ಅವನ ಹೆಸರಲ್ಲಿ ಅದಕ್ಕೊಂದಕ್ಕೇ ಹಾಕಿದ್ದು."

"ಊರಿಗೆಲ್ಲ ಒಂದೂ ಬರ್ಲಿಲ್ಲ. ರಸ್‌ಗೆ ಬಂತು ನೋಡು." ಡಾಮಿಂಗೋ ಕತ್ತರಿ ಕೆಳಗಿಟ್ಟ. "ಅಲ್ಲ ಕಣೋ, ಅವನ ಹೆಸರು ಬರೆದ್ಯಲ್ಲ, ಹೋಗ್ಲಿ. ಅಂಗಡಿ ವಿಳಾಸ ಯಾಕೆ ಹಾಕ್ಲಿಲ್ಲ? ನಾಯಿ ಡಾಲರು ಕೂಡ ಇಲ್ಲಿಗೇ ಬಂತು. ಎಲ್ರೂ ಹಾಕೋದು ಇದನ್ನೇ."

"ಕೈ ಬರ್ಲಿಲ್ಲ. ಅವನ ಹೆಸರು ಬರೆದು ಕೆಳಗೆ ನಿನ್ನ ಅಂಗಡಿ ಹೆಸರು ಹೆಂಗೆ ಬರೀಲಿ. ಅವನ ಮನೆ ಅದು."

ಡಾಮಿಂಗೋ ಬಾಚಣಿಗೆಯನ್ನು ನೀರಿನ ಲೋಟದೊಳಗೆ ಹಾಕಿದ. "ಇವತ್ತೇ ಹೇಳ್ಬಿಡು," ಎಂದ. "ಹಲ್ಲು ಕೀಳಿಸ್ಕೊಂಡ ಹಾಗೆ. ನಾಳೆ ಅಂದ್ರೆ ದವಡೆನೇ ಊದ್ಕೊಳ್ಳತ್ತೆ."

"ಅವಳು ನಗ್ತಿದಾಳೆ ಡಾಮಿಂಗೋ. ಹಾಡ್ತಿದಾಳೆ. ನಾನು ಸುಳ್ಳೇನೂ ಹೇಳಿಲ್ವಲ್ಲ. ಸುಮ್ನಿದೀನಿ ಅಷ್ಟೇ."

"ಸುಮ್ನಿರು. ಆದ್ರೆ ಅದನ್ನ ನನ್ನ ಮುಂದೆ ಪುಣ್ಯದ ಕೆಲಸ ಅನ್ಬೇಡ," ಎಂದು ಡಾಮಿಂಗೋ ಅವನ ಕೊರಳಿನ ಬಟ್ಟೆ ಬಿಚ್ಚಿ ಕೊಡವಿದ.

ಆದರೂ ಅವನು ಅವತ್ತೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವಾಯಿತು ಆ ಮಾತು. ಮನೆಯಲ್ಲಿ ವಿಲ್ಮಾ ಮಗನ ಕೋಣೆಯ ಕಿಟಕಿಗಳನ್ನು ಆ ಕೊರೆಯುವ ಚಳಿಯಲ್ಲೂ ತೆರೆದಿಟ್ಟಳು. ಹಾಸಿಗೆಯ ಬಟ್ಟೆ ಒಗೆದಳು. ಪೊಟ್ಟಣವನ್ನು ಮಂಚದ ಪಕ್ಕದ ಪುಟ್ಟ ಮೇಜಿನ ಮೇಲಿಟ್ಟು, ದೀಪ ಹಚ್ಚಿಟ್ಟು, ತಮ್ಮ ಕೋಣೆಯಲ್ಲಿ ಮಲಗುವುದನ್ನು ಬಿಟ್ಟು ಅಲ್ಲೇ ಮಗನ ಮಂಚದ ಮೇಲೆ ಮಲಗತೊಡಗಿದಳು. ಪೆಟ್ರೋಲು ಸಿಗದ ದಿನಗಳು ಅವು. ಬಂಕಿನ ಮುಂದೆ ಕಾರುಗಳು ಚರ್ಚಿನ ತನಕ ಸಾಲುಗಟ್ಟುತ್ತಿದ್ದವು. ವಿಲ್ಮಾ ತಾನೇ ಹೋಗಿ ಸಾಲಿನಲ್ಲಿ ನಿಂತು ಟ್ಯಾಂಕು ತುಂಬಿಸಿಕೊಂಡು ಬಂದಳು.

"ರೀನೋಗೆ ಹೋಗ್ಬೇಕು ನಾವು," ಎಂದಳು. ಅಲ್ಲಿ ಕಾಣೆಯಾದವರ ಮನೆಯವರೆಲ್ಲ ಸೇರುವ ಸಭೆಯೊಂದು ಮುಂದಿನ ವಾರ ಇತ್ತು. "ಇದನ್ನ ತಗೊಂಡೋಗಿ ಎಲ್ರಿಗೂ ತೋರಿಸ್ಬೇಕು. ಫಾಲನ್‌ನ ಬರ್ನೀಸ್ ಹಾಗನ್‌ಗೆ ಆಗ್ಲೇ ಫೋನಲ್ಲಿ ಹೇಳಿದೀನಿ. ಅವಳ ಮಗ ಕರ್ಟ್ ಕೂಡ ಆ ಕಡೆನೇ ಕಾಣೆಯಾದೋನು ಅಲ್ವಾ. ಅತ್ಲು ಪಾಪ."

"ಅವರಿಗೆ ಯಾಕೆ ಹೇಳೋಕ್ಹೋದೆ."

"ಯಾಕೆ ಹೇಳ್ಬಾರ್ದು? ಒಳ್ಳೆ ಸುದ್ದಿನ ಬಚ್ಚಿಟ್ಕೋತಾರಾ?"

ಆ ಸಂಜೆ ವಿಲ್ಮಾ ನೆರೆಮನೆಗೆ ಹೋದಾಗ ಹಾರ್ಲನ್ ಮಗನ ಕೋಣೆಗೆ ಹೋದ. ಮೊದಲು ಮಂಚದ ಮೇಲೆ ಕೂತ. ಆಮೇಲೆ ಪೊಟ್ಟಣವನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದ. ಮೂಲೆಗಳು ಜಜ್ಜಿರಲಿಲ್ಲ. ಅಂಚೆ ಮುದ್ರೆ ಅಳಿಸಿರಲಿಲ್ಲ. ಹೊರಗಿನ ರಟ್ಟು ಸಮೇತ, ಮುದ್ರೆ ಸಮೇತ, ಮುಟ್ಟದೇ ಬಿಚ್ಚದೇ ಉಳಿದ ಎಪ್ಪತ್ತೊಂಬತ್ತರ ಡಾಲರು ಇಡೀ ರಾಜ್ಯದಲ್ಲಿ ಇನ್ನೊಬ್ಬರ ಹತ್ತಿರ ಇದ್ದೀತೇ ಎಂದು ಮನಸ್ಸು ತನ್ನಷ್ಟಕ್ಕೆ ಎಣಿಸತೊಡಗಿತು. ಎಣಿಸುತ್ತಿದ್ದೇನೆಂದು ಗೊತ್ತಾದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪೊಟ್ಟಣವನ್ನು ಇದ್ದ ಜಾಗದಲ್ಲಿ, ಇದ್ದ ಕೋನದಲ್ಲೇ ಇಟ್ಟು ಹೊರಗೆ ಬಂದ.

*

ಶನಿವಾರ ಬೆಳಿಗ್ಗೆ ವಿಲ್ಮಾ ಪೇಸ್ಟಿ ಮಾಡಲು ಕೂತಿದ್ದಳು. ಕಾರ್ನ್‌ವಾಲಿನವರ ಮನೆಯಲ್ಲಿ ಶನಿವಾರವೆಂದರೆ ಪೇಸ್ಟಿ. ಹಿಟ್ಟಿನ ಹಾಳೆಯೊಳಗೆ ಮಾಂಸ, ಆಲೂಗಡ್ಡೆ, ಟರ್ನಿಪ್ ತುಂಬಿ ಅಂಚು ಮಡಿಚಿ ಬೇಯಿಸುವುದು. ಒಂದೊಂದರ ಮೂಲೆಯಲ್ಲೂ ತಿನ್ನುವವರ ಹೆಸರಿನ ಮೊದಲಕ್ಷರವನ್ನು ಹಿಟ್ಟಿನಲ್ಲೇ ಮಾಡಿ ಅಂಟಿಸುವ ಪದ್ಧತಿ. ಅವಳು ಮೂರು ಹಾಳೆಗೆ ಹಿಟ್ಟಿನ ಉಂಡೆ ಮಾಡಿಟ್ಟಿದ್ದಳು. ಹಾರ್ಲನ್ ಅದನ್ನು ನೋಡಿಯೂ ನೋಡದವನಂತೆ ಕಾಫಿ ಕುಡಿಯುತ್ತಿದ್ದ. ಫೋನು ಬಡಿದುಕೊಂಡಿತು.

"ನನ್ನ ಕೈಯೆಲ್ಲಾ ಹಿಟ್ಟು. ನೀನೇ ತಗೋ," ಎಂದಳು ವಿಲ್ಮಾ.

ಫೋನು ಅಡುಗೆಮನೆಯ ಗೋಡೆಯ ಮೇಲೇ ಇತ್ತು. ಅವನು ಎದ್ದು ಎತ್ತಿಕೊಂಡ.

"ಮಿಸ್ಟರ್ ಪೆನ್ರೋಸ್ ಅವರಾ? ನಾನು ಬರ್ನೀಸ್ ಹಾಗನ್, ಫಾಲನ್‌ನಿಂದ. ನೀವು ಸಿಕ್ಕಿದ್ದೇ ಒಳ್ಳೇದಾಯ್ತು. ನಿಮ್ಮನ್ನೇ ಒಂದು ಮಾತು ಕೇಳ್ಬೇಕಿತ್ತು."

"ಕೇಳಿ ಅಮ್ಮ."

"ನಿಮ್ಮ ಪೊಟ್ಟಣ ಸೋಮವಾರ ಬಂತು ಅಂದ್ಲು ವಿಲ್ಮಾ. ನಾನು ದಿನಾ ಪೋಸ್ಟ್ ಆಫೀಸ್‌ಗೆ ಹೋಗ್ತಿದೀನಿ. ಈಗೀಗ ಅಲ್ಲಿರೋನು ನಾನು ಕೇಳೋಕ್ಮುಂಚೆನೇ ತಲೆ ಅಲ್ಲಾಡಿಸ್ತಾನೆ." ಆ ಹೆಂಗಸು ಒಮ್ಮೆ ಉಸಿರೆಳೆದುಕೊಂಡಳು. "ನಾನು ನಿನ್ನೆಯೆಲ್ಲಾ ಯೋಚ್ನೆ ಮಾಡ್ದೆ. ಸರ್ಕಾರದೋರು ಏನೇ ಕಳ್ಸಿದ್ರೂ ಅಕ್ಷರದ ಸಾಲಲ್ಲಿ ಕಳಿಸ್ತಾರೆ ಅಲ್ವಾ. ಎಚ್ ಮೊದ್ಲು, ಪಿ ಆಮೇಲೆ. ಪೆನ್ರೋಸ್‌ಗೆ ಬಂತು ಅಂದ್ರೆ ಹಾಗನ್ ದಾಟಿ ಹೋಗಿದಾರೆ ಅಂತ ಆಯ್ತಲ್ಲ. ಅಂದ್ರೆ ಅವರ ಹತ್ರ ಕರ್ಟ್ ಹೆಸರು ಇಲ್ಲ. ಅವನನ್ನ ಬಿಟ್ಬಿಟ್ಟಿದಾರೆ. ನಮ್ಮೆಜಮಾನ್ರು ನಿನ್ನೆ ರಾತ್ರಿಯಿಂದ ಬಾಯೇ ಬಿಟ್ಟಿಲ್ಲ. ನಿಮಗೇನನ್ಸತ್ತೆ, ಗಂಡಸ್ರು ನೀವು, ಇದೆಲ್ಲ ತಿಳ್ಕೊಂಡಿರೋರು. ಅದಕ್ಕೇ ಕೇಳಿದ್ದು."

ಹಾರ್ಲನ್ ಗೋಡೆಯ ಕಡೆ ಮುಖ ಮಾಡಿದ್ದ. ಬೆನ್ನಹಿಂದೆ ಲಟ್ಟಣಿಗೆ ಉರುಳುತ್ತಿತ್ತು. ಇಷ್ಟು ದಿನ ತನ್ನ ಮನೆಯ ನಗುವೊಂದನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಮುನ್ನೂರು ಮೈಲಿ ಆಚೆ ಇನ್ನೊಬ್ಬ ತಾಯಿ ಅದೇ ಪೊಟ್ಟಣದ ದೆಸೆಯಿಂದ ತನ್ನ ಮಗನನ್ನು ಸಾಯಿಸಿಕೊಂಡು ಕೂತಿದ್ದಳು.

"ಅವನನ್ನ ಯಾರೂ ಬಿಟ್ಟಿಲ್ಲ ಅಮ್ಮ," ಎಂದ. "ಅಂಥ ಪೊಟ್ಟಣ ಯಾರಿಗೂ ಬರಲ್ಲ. ಅದಕ್ಕೂ ಸೈನ್ಯಕ್ಕೂ ಸಂಬಂಧ ಇಲ್ಲ. ಅದನ್ನ ತರಿಸಿದ್ದು ನಾನು."

"ನೀವಾ?"

"ನಾನೇ. ಅದರೊಳಗಿರೋದು ಒಂದು ಬೆಳ್ಳಿ ಡಾಲರು. ಹಳೇದು. ಸರ್ಕಾರದೋರು ಮಾರ್ತಿದಾರೆ. ಒಬ್ಬರಿಗೆ ಒಂದೇ ಅಂತ ರೂಲ್ಸು. ನಂಗೆ ಇನ್ನೊಂದು ಹೆಸರು ಬೇಕಿತ್ತು. ಮಗನ ಹೆಸರಲ್ಲಿ ಅರ್ಜಿ ಹಾಕ್ದೆ."

ಲಟ್ಟಣಿಗೆ ಉರುಳುತ್ತಲೇ ಇತ್ತು. ಬೈಗುಳಕ್ಕೆ ತಯಾರಾಗಿ ಅವನು ಕಣ್ಣು ಮುಚ್ಚಿಕೊಂಡ.

"ಹಾಗಾದ್ರೆ ಕರ್ಟ್‌ನ ಬಿಟ್ಟಿಲ್ಲ," ಎಂದಳು ಬರ್ನೀಸ್ ಹಾಗನ್.

"ಇಲ್ಲಮ್ಮ."

"ಸದ್ಯ," ಎಂದಳು. "ಸದ್ಯ. ಒಳ್ಳೇದಾಯ್ತು ಹೇಳಿದ್ದು. ಯಜಮಾನ್ರಿಗೆ ಹೇಳ್ತೀನಿ ಇರಿ." ನಾಲ್ಕು ಹೆಜ್ಜೆ ಹೋಗಿ ಮತ್ತೆ ವಾಪಸು ಬಂದಂತೆ ಅವಳ ದನಿ ಹತ್ತಿರವಾಯಿತು. "ವಿಲ್ಮಾಗೆ ಗೊತ್ತಾ ಇದು?"

"ಈಗ ಗೊತ್ತಾಯ್ತು," ಎಂದು ಹಾರ್ಲನ್ ಫೋನು ಇಟ್ಟ.

ತಿರುಗಿ ನೋಡಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ವಿಲ್ಮಾ ಮೂರನೆಯ ಹಾಳೆಯನ್ನು ಲಟ್ಟಿಸುತ್ತಿದ್ದಳು. ಅದು ಎಷ್ಟೋ ತೆಳ್ಳಗಾಗಿ ಮೇಜಿನ ಮರ ಕಾಣುತ್ತಿತ್ತು. ಕೊನೆಗೆ ಹರಿಯಿತು. ಅವಳು ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟಳು.

"ಡಾಲರಾ," ಎಂದಳು.

"ಹೂಂ."

"ನಾನು ಅದರ ಪಕ್ಕ ದೀಪ ಹಚ್ಚಿಟ್ಟು ಮಲಗ್ತಿದ್ದೆ."

"ನೋಡ್ತಿದ್ದೆ."

"ನೋಡ್ತಿದ್ದೆ," ಎಂದಳು ಅವಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಎದ್ದು ಮಗನ ಕೋಣೆಗೆ ಹೋಗಿ ಪೊಟ್ಟಣ ತಂದು ಅವನ ಕಾಫಿ ಲೋಟದ ಪಕ್ಕ ಇಟ್ಟಳು. ರಟ್ಟಿನ ಮೇಲೆ, ಅಂಚೆ ಮುದ್ರೆಗಳ ಮೇಲೆ ಅವಳ ಬೆರಳುಗಳ ಹಿಟ್ಟು ಬಿಳಿಯಾಗಿ ಕೂತಿತು. "ತಗೋ, ನಿಂದು."

"ಬೇಡ ನಂಗೆ."

"ಬೇಡ್ದೆ ಏನು. ಮಗನ ಹೆಸರು ಮಾರಿ ತಂದಿದೀಯ." ಈಗ ಅವಳ ದನಿ ಒಡೆಯಿತು. "ನಿನ್ನ ಹತ್ರ ಬೇರೆ ಹೆಸರೇ ಇರ್ಲಿಲ್ವಾ ಹಾರ್ಲನ್? ಊರಲ್ಲಿ ಅಷ್ಟೊಂದು ಜನ ಇದಾರೆ. ನಾಯಿ ಹೆಸರಲ್ಲಿ ತಗೋತೀರಂತೆ, ಎಡಿತ್ ಹೇಳ್ತಿದ್ಲು, ನಾನು ನಕ್ಕಿದ್ದೆ. ಬೇರೆ ಹೆಸರೇ ಇರ್ಲಿಲ್ವಾ?"

"ಇತ್ತು."

"ಮತ್ತೆ?"

ಅವನು ಮೇಜಿನ ಅಂಚು ಹಿಡಿದುಕೊಂಡು ಕೂತ. ಇದನ್ನು ಅವನು ಡಾಮಿಂಗೋಗೂ ಹೇಳಿರಲಿಲ್ಲ, ತನಗೂ ಸರಿಯಾಗಿ ಹೇಳಿಕೊಂಡಿರಲಿಲ್ಲ.

"ಪಾದ್ರಿ ಬಂದು ಕಲ್ಲಿನ ಮಾತಾಡಿ ಹೋದ ವಾರ ಅದು. ಅರ್ಜಿ ಮುಂದೆ ಇತ್ತು, ಹೆಸರು ಅಂತ ಒಂದು ಖಾಲಿ ಜಾಗ ಇತ್ತು. ಡಾಲರು ಬೇಕಿತ್ತು, ಇಲ್ಲ ಅನ್ನಲ್ಲ. ಆದ್ರೆ ಅವನ ಹೆಸರು ಎಲ್ಲಾದ್ರೂ ಬರೀಬೇಕು ಅನ್ನಿಸ್ತು ವಿಲ್ಮಾ. ಕಲ್ಲಿನ ಮೇಲೆ ಬರೆಯೋಕ್ಮುಂಚೆ. ಏನೋ ಒಂದು ತಗೊಳ್ಳೋನ ಹಾಗೆ, ಮನೆಗೆ ಏನೋ ಬರ್ಬೇಕಾದೋನ ಹಾಗೆ. ಬರೆದಾಗ ಅವನು ಇದಾನೆ ಅನ್ನಿಸ್ತು. ಅಷ್ಟೇ. ಅದು ಇಲ್ಲಿಗೆ ಬಂದು ನಿನ್ನ ಕೈಗೆ ಸಿಗತ್ತೆ ಅಂತ ಯೋಚ್ನೆನೇ ಬರ್ಲಿಲ್ಲ."

ವಿಲ್ಮಾ ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡಳು. ಕೆನ್ನೆಯ ಮೇಲೂ ಹಿಟ್ಟಾಯಿತು.

"ಸಹಿ ಯಾರು ಹಾಕಿದ್ದು?" ಎಂದು ಕೇಳಿದಳು.

"ನಾನೇ."

"ನಿನ್ನ ಅಕ್ಷರದಲ್ಲಾ?"

"ಅವನ ಥರಾನೇ ಹಾಕ್ದೆ."

"ನಿಂಗೆ ಬರತ್ತಾ?"

"ಬರತ್ತೆ. ಸ್ಕೂಲಿನ ರಿಪೋರ್ಟ್‌ಗೆ ಅವನು ನನ್ನ ಸಹಿ ಕದ್ದು ಹಾಕ್ತಿದ್ದ, ನೆನಪಿದ್ಯಾ? ನಾನು ಅವನದ್ದು ಕಲ್ತು ತೋರಿಸಿದ್ದೆ, ನೋಡು ಮಗನೆ, ನಂಗೂ ಬರತ್ತೆ ಅಂತ."

ಅವಳಿಗೆ ಅದು ಗೊತ್ತಿರಲಿಲ್ಲ. ಅಪ್ಪ ಮಗನ ನಡುವೆ ತನಗೆ ಗೊತ್ತಿಲ್ಲದ್ದೂ ಒಂದು ಇತ್ತು. ಅವಳು ದಿನಸಿ ತಂದ ಕಂದು ಕಾಗದದ ಚೀಲವೊಂದನ್ನು ಹರಿದು, ಮೇಜಿನ ಮೇಲೆ ಹರಡಿ, ಅಂಗೈಯಿಂದ ಸುಕ್ಕು ಬಿಡಿಸಿದಳು. ಫೋನಿನ ಪಕ್ಕ ದಾರ ಕಟ್ಟಿ ನೇತುಹಾಕಿದ್ದ ಪೆನ್ಸಿಲನ್ನು ದಾರ ಸಮೇತ ಕಿತ್ತು ತಂದು ಅವನ ಮುಂದೆ ಹಿಡಿದಳು.

"ಹಾಕು," ಎಂದಳು.

ಅವನು ಪೆನ್ಸಿಲು ತೆಗೆದುಕೊಂಡ. ಮೊದಲಕ್ಷರದ ಕಾಲನ್ನು ಉದ್ದಕ್ಕೆ ಎಳೆದು, ಅದರ ಮೇಲೆಯೇ ಉಳಿದ ಹೆಸರನ್ನು ಓಡಿಸಿ, ಕೊನೆಗೊಂದು ಸಣ್ಣ ಕೊಕ್ಕೆ ಕೊಟ್ಟ. ರಸಲ್ ಊಟಕ್ಕೆ ಕೂಗಿದಾಗ ಹೋಮ್‌ವರ್ಕಿನ ಕೆಳಗೆ ಹಾಕಿ ಓಡಿಬರುತ್ತಿದ್ದ ಸಹಿ ಅದು. ವಿಲ್ಮಾ ಬಗ್ಗಿ ನೋಡಿದಳು. ಅವಳ ಉಸಿರು ಅವನ ಕಿವಿಗೆ ತಾಗಿತು.

"ಇನ್ನೊಂದ್ಸಲ."

ಅವನು ಇನ್ನೊಮ್ಮೆ ಹಾಕಿದ. ಅದೂ ಸರಿಯಾಗಿ ಬಂತು. ಮೂರನೆಯದರಲ್ಲಿ ಕಾಲು ಗಿಡ್ಡವಾಯಿತು, ಅಕ್ಷರಗಳು ದಪ್ಪಗೆ ನಿಂತುಬಿಟ್ಟವು.

"ಇದು ನಿಂದು," ಎಂದಳು ವಿಲ್ಮಾ.

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು. ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಮೊದಲ ಸಹಿಯ ಉದ್ದನೆಯ ಕಾಲಿನ ಮೇಲೆ ಬೆರಳಿಟ್ಟು, ಅದು ಹೋದ ದಾರಿಯಲ್ಲೇ ಮೆಲ್ಲಗೆ ಸರಿಸುತ್ತ ಕೊಕ್ಕೆಯವರೆಗೂ ಹೋದಳು. ಅಲ್ಲಿಂದ ಮತ್ತೆ ಮೊದಲಿಗೆ ಬಂದಳು. ಪೆನ್ಸಿಲಿನ ಗೆರೆಯ ಮೇಲೆ ಹಿಟ್ಟು ತೆಳ್ಳಗೆ ಕೂರುತ್ತಿತ್ತು.